ಕರೆಂಟು ಹಚ್ಚಿಸಿಕೊಂಡ ತವನಪ್ಪ ಕಾಕಾ

ಮಸಗುಪ್ಪಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ತವನಪ್ಪ ಕಾಕಾ ನಮ್ಮ ಪಕ್ಕದ ಮನೆಯವನು. ಗಿರಣಿಗಿಂತ ಅವನ ದನಿಯೇ ದೊಡ್ಡದು. ಅಂಥವನಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಕೈಕಾಲು ಹೇಗೋ ಸುಧಾರಿಸಿದವು, ಮಾತು ಮಾತ್ರ ಮರಳಲಿಲ್ಲ. ನೀರು ಬೇಕೆಂದರೂ "ಅದು", ಊಟ ಬೇಕೆಂದರೂ "ಅದು". ಒಮ್ಮೆ ನೀರು ಕೇಳಿದವನಿಗೆ ಹೆಂಡತಿ ರಾಜಮತಿ ಕಾಕು ಬಾಚಣಿಗೆ ತಂದುಕೊಟ್ಟಳು. ಕಾಕಾ ಸಿಟ್ಟಿನಿಂದ ಬೋಳುತಲೆ ಬಾಚಿಕೊಂಡು ಕುಂತ.

ಇಬ್ಬರನ್ನೂ ಗೋಕಾಕಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ತುಮಕೂರು ಕಡೆಯವರು. ರೋಗಿಯ ಹೆಸರು ಕೇಳಿದರೆ ಕಾಕು ನನ್ನ ಮುಖ ನೋಡಿದಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೇ? ನಾನೇ ಹೇಳಿದೆ.

"ತಲೆಗೆ ಸಣ್ಣಗೆ ಕರೆಂಟ್ ಕೊಡೋಣ" ಎಂದಾಗ ಕಾಕು ಎದ್ದೇ ನಿಂತಳು. ಡಾಕ್ಟರಮ್ಮ ಬಿಡಿಸಿ ಹೇಳಿದರು. ಇದು ಮನೆಯ ಕರೆಂಟಲ್ಲ, ಬ್ಯಾಟರಿಯದು. ಉಪ್ಪುನೀರಿನಲ್ಲಿ ನೆನೆಸಿದ ಸ್ಪಂಜು ಇಟ್ಟಾಗ ಸ್ವಲ್ಪ ಚುರುಗುಟ್ಟುತ್ತದೆ, ಅಷ್ಟೆ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ, ನರಗಳ ಚುರುಕನ್ನು ತಡೆಯುವುದು ಅದರ ಕೆಲಸ. ಕರೆಂಟು ಅದನ್ನು ತುಸು ಇಳಿಸಬಹುದು. ಆ ಹೊತ್ತಿಗೇ ಅಭ್ಯಾಸ ಮಾಡಿಸಿದರೆ, ಮಾತಿನ ಜಾಗಗಳ ನಡುವೆ ಕಡಿದುಹೋದ ಸಂಪರ್ಕ ಮತ್ತೆ ಕೂಡಬಹುದು.

"ಎಲ್ಲರಿಗೂ ಆಗುತ್ತೆ ಅಂತ ಹೇಳಕ್ಕಾಗಲ್ಲ" ಎಂದೂ ಸೇರಿಸಿದರು.

"ಧುಪದಾಳ ಡ್ಯಾಮಿನಾಗ ನೀರಿನ ಗೇಟ ಎತ್ತಿದಂಗ ಅನ್ರಿ" ಎಂದೆ. ಅವರು ಧುಪದಾಳ ನೋಡಿರಲಿಲ್ಲ.

ಚಿಕಿತ್ಸೆ ಶುರುವಾಯಿತು, ಊರಲ್ಲಿ ಸುದ್ದಿ ಹಬ್ಬಿತು. ನಮ್ಮ ಓಣಿಯ ಪಾರವ್ವ ಗಿರಣಿಗೆ ಬರುವಾಗ ರಬ್ಬರ್ ಚಪ್ಪಲಿ ಮೆಟ್ಟತೊಡಗಿದಳು. ಗಿರಣಿಯ ಆಳು ಮುತ್ತಪ್ಪ ಕರೆಂಟು ನೋಡುವ ಟೆಸ್ಟರ್ ತಂದು ಕಾಕಾನ ಕಿವಿಗೆ ಹಚ್ಚಿದ. ದೀಪ ಹತ್ತಲಿಲ್ಲ. "ಡಾಕ್ಟರ್ ಮೋಸ ಮಾಡ್ಯಾರ" ಎಂದು ಊರೆಲ್ಲ ಸಾರಿದ. ಶತದಡ್ಡ!

ಆದರೆ ಮಾತು ಬರತೊಡಗಿತ್ತು. ತಲೆಗೆ ಸ್ಪಂಜು ಕಟ್ಟಿಸಿಕೊಂಡು, ತೋರಿಸಿದ ಚಿತ್ರ ನೋಡಿ ಕಾಕಾ ಎಮ್ಮಿ ಎಂದ, ಕತ್ರಿ ಎಂದ, ಛತ್ರಿ ಎಂದ, ಹಣತೆ ನೋಡಿ ಪಣತಿ ಎಂದ. ಆಮೇಲೆ ಡಾಕ್ಟರಮ್ಮ ಕಾಕುವಿನ ಫೋಟೊ ತೋರಿಸಿದರು.

"ಇಕಿ."

"ಹೆಸರು ಹೇಳಿ."

"ಇಕಿ!"

ಪ್ರತಿ ಸಲವೂ ಅದೇ. ಚಿಕಿತ್ಸೆಯ ಕೊನೆಯ ದಿನವೂ ಅದೇ. "ಹತ್ತಿರದವರ ಹೆಸರೇ ನೆನಪಾಗ್ತಿಲ್ಲ" ಎಂದು ಡಾಕ್ಟರಮ್ಮ ಪೇಚಾಡಿದರು. ಕಾಕು ಹೊರಗೆ ಬಂದು ಅತ್ತೇಬಿಟ್ಟಳು. "ಎಮ್ಮಿ ನೆನಪೈತಿ, ನಾ ಇಲ್ಲ ನೋಡು."

ನನಗೆ ಆಗ ಒಂದು ಮಾತು ಹೊಳೆಯಿತು.

"ಕಾಕು, ಆರಾಮ ಇದ್ದಾಗರ ಕಾಕಾ ನಿಮ್ಮ ಹೆಸರ ಹಿಡದ ಯಾವಾಗ ಕರದಾನ್ರಿ?"

ಅವಳು ಕಣ್ಣೊರೆಸಿಕೊಂಡು ಯೋಚಿಸಿದಳು. ಮದುವೆಯಾಗಿ ಮನೆ ತುಂಬುವಾಗ ಹೆಂಗಸರು ಹೊಸ್ತಿಲಲ್ಲಿ ಅಡ್ಡಗಟ್ಟಿ ಒಡಪು ಹಾಕಿಸಿದ್ದರು. ಪ್ರಾಸ ಕಟ್ಟಿ ಹೆಂಡತಿಯ ಹೆಸರು ಹೇಳಿದ ಮೇಲೆಯೇ ಒಳಗೆ ಬಿಟ್ಟಿದ್ದು. ಅದೇ ಮೊದಲು, ಅದೇ ಕೊನೆ.

ಕಾಕು ದಡದಡ ಒಳಗೆ ನಡೆದಳು. ಡಾಕ್ಟರಮ್ಮನ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು. "ಒಡಪ ಹಾಕಿ ಹೆಸರ ಹೇಳ್ರಿ. ಆಮ್ಯಾಲ ಹೊರಗ ಬಿಡತೇನಿ."

ಸ್ಪಂಜು ಇನ್ನೂ ತಲೆಯ ಮೇಲೇ ಇತ್ತು. ಕಾಕಾ ಮದುಮಗನ ಹಾಗೆ ನಾಚಿ ನೆಲ ನೋಡಿದ. ತುಟಿ ಅಲ್ಲಾಡಿತು.

"ಎಮ್ಮಿ, ಕತ್ರಿ, ಛತ್ರಿ, ಪಣತಿ... ರಾಜಮತಿ ನನ್ನ ಹೇಣತಿ!"

ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ಕಾಕು ಬಾಯಿಗೆ ಸೆರಗು ಒತ್ತಿಕೊಂಡಳು. ಇದು ಕರೆಂಟಿನ ಕೆಲಸವೋ ಬಾಗಿಲಿನ ಕೆಲಸವೋ ಡಾಕ್ಟರಮ್ಮನಿಗೂ ಗೊತ್ತಾಗಲಿಲ್ಲ, ನನಗಂತೂ ಬೇಕಾಗಿರಲಿಲ್ಲ.

ಊರಿಗೆ ಮರಳುವಾಗ ಮೂಡಲಗಿ ಬಸ್ಸಿನಲ್ಲಿ ಕಾಕು ಅವನನ್ನು ಬಿಡಲಿಲ್ಲ. "ಇನ್ನೊಮ್ಮಿ ಹೇಳ್ರಿ." ಹೇಳಿದ. "ಇನ್ನೊಮ್ಮಿ." ಮತ್ತೆ ಹೇಳಿದ. ಕಂಡಕ್ಟರ್ ನಕ್ಕ, ಹಿಂದಿನ ಸೀಟಿನವರೂ ನಕ್ಕರು. ಅವಳು ಮತ್ತೆ ಕೇಳಿದ್ದೇ ತಡ, ಕಾಕಾ ರೇಗಿದ.

"ಸುಮ್ಮ ಕುಂದರ, ಮಂದಿ ನೋಡಾಕತ್ತಾರ!"

ಲಕ್ವಾ ಹೊಡೆದ ಮೇಲೆ ಯಾರೂ ಹೇಳಿಸದೆ ತಾನಾಗಿ ಅವನ ಬಾಯಿಂದ ಬಂದ ಮೊದಲ ಇಡೀ ಮಾತು ಅದು. ಬೈಸಿಕೊಂಡ ಕಾಕು ನಗುತ್ತ ಅಳುತ್ತ ಸುಮ್ಮನೆ ಕುಂತಳು.