ಲೋರ್ನಾಳ ನೀಲಿ ಟೇಪು

ಮಿಲ್ವಾಕಿಯ ನಮ್ಮ ಪ್ರಯೋಗಾಲಯದಲ್ಲಿ ಲೋರ್ನಾ ಪಿಯೆಚಿನ್ಸ್ಕಿ ಇಪ್ಪತ್ತೆರಡು ವರ್ಷಗಳಿಂದ ಇಲಿಗಳ ಮಹಾಪಧಮನಿ ಅಳೆಯುತ್ತಿದ್ದಾಳೆ. ಹೃದಯದಿಂದ ಹೊಟ್ಟೆಗಿಳಿಯುವ ಆ ದೊಡ್ಡ ರಕ್ತನಾಳ ಎಷ್ಟು ಉಬ್ಬಿದೆಯೆಂದು ಸ್ಕ್ಯಾನಿನಲ್ಲಿ ನೋಡಿ ಹೇಳುವುದು ಅವಳ ಕೆಲಸ. ಪಕ್ಕದ ಮೇಜಿನಲ್ಲಿ ಅಷ್ಟೇ ವರ್ಷಗಳಿಂದ ನಾನು ಮೈಕ್ರೋ ಆರ್‌ಎನ್‌ಎಗಳ ಹಿಂದೆ ಬಿದ್ದಿದ್ದೇನೆ. ಜೀನು ಅಪ್ಪಣೆ ಕೊಟ್ಟ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಅಪ್ಪಣೆಯ ಓಲೆಯನ್ನು ದಾರಿಯಲ್ಲೇ ತಡೆಯುವ ಪುಟ್ಟ ತುಣುಕುಗಳಿವು. ಇವುಗಳಲ್ಲೊಂದು, ನಾಳದ ಗೋಡೆ ಕಟ್ಟುವ ಓಲೆಗಳನ್ನೇ ತಡೆಯುತ್ತದೆ. ಅದರ ಕೈ ಕಟ್ಟಿದರೆ ಗೋಡೆ ಗಟ್ಟಿಯಾಗಿ ಉಬ್ಬು ನಿಂತೀತೆಂದು ನಮ್ಮ ಆಸೆ. ಇಲಿಗಳಲ್ಲಿ ಕೆಲವೊಮ್ಮೆ ನಿಂತಿದೆ. ನಾನು ಮದ್ದು ಚುಚ್ಚಿದವುಗಳಲ್ಲಿ ಕಡಿಮೆ.

ಯಾವ ಇಲಿಗೆ ಮದ್ದು, ಯಾವುದಕ್ಕೆ ಬರೀ ಉಪ್ಪುನೀರು ಎಂದು ಬರೆದ ಚೀಟಿಯ ಮೇಲೆ ನೀಲಿ ಟೇಪು ಅಂಟಿಸದೆ ಲೋರ್ನಾ ಯಂತ್ರ ಮುಟ್ಟುವವಳಲ್ಲ.

"ಗೊತ್ತಾದ್ರೆ ಕಣ್ಣು ಲಂಚ ತಿನ್ನತ್ತೆ ಕಣೋ ಡೆನಿಸ್," ಎನ್ನುತ್ತಾಳೆ.

ಅವಳಪ್ಪ ಬೋಲಿಂಗ್ ಆಡುತ್ತಿದ್ದಾಗಲೇ ಈ ನಾಳ ಒಡೆದು ಸತ್ತ. ಅವಳು ಈ ಕೆಲಸ ಹಿಡಿದದ್ದು ಅದಕ್ಕೇ. ಕಳೆದ ತಿಂಗಳು ಆಸ್ಪತ್ರೆಯವರು ಅವಳ ಹೊಟ್ಟೆಯೊಳಗಿನ ಈ ನಾಳವನ್ನೂ ಅಳೆದರು: ಐದು ಪಾಯಿಂಟ್ ಒಂದು ಸೆಂಟಿಮೀಟರ್. ಹೆಂಗಸರಿಗೆ ಐದು ದಾಟಿದರೆ ಶಸ್ತ್ರಚಿಕಿತ್ಸೆ.

ಶುಕ್ರವಾರ ಎಲ್ಲರೂ ಕರಿದ ಮೀನು ತಿನ್ನಲು ಹೊರಟಾಗ ಅವಳು ನನ್ನನ್ನು ತಡೆದು, ತನ್ನ ಸ್ಕ್ಯಾನನ್ನು ಪರದೆಗೆ ತಂದಳು.

"ಆಸ್ಪತ್ರೆಯವ್ರಿಗೆ ಅಳೆಯೋಕೇ ಬರಲ್ಲ. ನಾನು ಅಳೆದ್ರೆ ನಾಲ್ಕು ಪಾಯಿಂಟ್ ಎಂಟು. ಬರೋ ಗುರುವಾರದ ಆಪರೇಷನ್ ಬೇಡ ಅಂದ್ಬಿಟ್ಟೆ. ನೀನೊಂದ್ಸಲ ಹೂಂ ಅನ್ನು, ಸಾಕು."

ನಾನು ಹೂಂ ಅನ್ನುವುದರಲ್ಲಿ ನಿಪುಣ. ಇಪ್ಪತ್ತೆರಡು ವರ್ಷ ಕೆಲಸ ಉಳಿದಿರುವುದೇ ಅದರಿಂದ. ಆದರೆ ಅವಳ ಗೆರೆ ಗೋಡೆಯ ಒಳಂಚಿನಿಂದ ಒಳಂಚಿಗೆ ಹೋಗಿತ್ತು. ನಮ್ಮಲ್ಲಿ ಇಲಿಗಳನ್ನು ಅಳೆಯುವುದೇ ಹಾಗೆ. ಆಸ್ಪತ್ರೆಯವರು ಗೋಡೆಯನ್ನೂ ಸೇರಿಸಿಕೊಂಡು ಹೊರಗಿಂದ ಹೊರಕ್ಕೆ ಅಳೆದಿದ್ದರು.

"ಲೋರ್ನಾ, ಇದು ಇಲಿ ಲೆಕ್ಕ," ಎಂದೆ. "ಕೈ ಅಭ್ಯಾಸದಲ್ಲಿ ತಪ್ಪಿರಬೇಕು."



"ಅಭ್ಯಾಸ ಅಂತೆ! ಮನುಷ್ಯರದ್ದು ಹೇಗೆ ಅಳೀತಾರೆ ಅಂತ ನಂಗೆ ಗೊತ್ತಿಲ್ವೇನೋ, ದಡ್ಡ?" ಎಂದು ಪರದೆಯ ಮೂಲೆಯಲ್ಲಿದ್ದ ತನ್ನ ಹೆಸರಿನ ಮೇಲೆ ಬೆರಳಿಟ್ಟಳು. "ಇಲ್ಲಿ ಟೇಪು ಹಾಕಿರ್ಲಿಲ್ಲ. ಅಷ್ಟೇ ಆಗಿದ್ದು."

ಆಮೇಲೆ ಒಂದು ತುಂಡು ನೀಲಿ ಟೇಪು ಹರಿದು ಹೆಸರಿನ ಮೇಲೆ ಅಂಟಿಸಿದಳು. ಯಾರ ಹೊಟ್ಟೆಯೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ನಾನು ನಗಲಿಲ್ಲ. ಹೊರಗಿಂದ ಹೊರಕ್ಕೆ ಗೆರೆ ಎಳೆದಳು.

ಐದು ಪಾಯಿಂಟ್ ಒಂದು.

"ಪರವಾಗಿಲ್ಲ, ಅವ್ರಿಗೂ ಅಳೆಯೋಕೆ ಬರತ್ತೆ," ಎಂದು ಫೋನೆತ್ತಿದಳು. ಅತ್ತ ಕಡೆಯವರು ಎತ್ತುವವರೆಗೆ ನನ್ನತ್ತ ತಿರುಗಿ, "ನಾನು ಬರೋವರೆಗೂ ಇಲಿಗಳು ನಿನ್ನ ಪಾಲಿಗೆ. ಒಳಗಿಂದ ಒಳಕ್ಕೆ. ನಿನ್ನ ಬುದ್ಧಿವಂತಿಕೆ ತೋರಿಸ್ಬೇಡ," ಎಂದಳು.

ಆಮೇಲೆ ಫೋನಿಗೆ: "ಗುರುವಾರದ ಜಾಗ ಇನ್ನೂ ಖಾಲಿ ಇದ್ಯಾ? ಹೌದಮ್ಮಾ, ಬೇಡ ಅಂದವಳು ನಾನೇ."