ಮೋಟು ಪಟ್ಟಿಗಳು

ಕಟ್ಟಿಗೆ ಮಿಲ್ಲಿನ ಭೋಂಗಾ ಕೂಗಿದ ಮೇಲೆಯೇ ಖಾನಾಪುರದ ನಮ್ಮ ಓಣಿಯಲ್ಲಿ ಚಹಾದ ಒಲೆ ಹತ್ತುತ್ತಿದ್ದ ದಿನಗಳವು. ಅವ್ವ ಆ ಮಿಲ್ಲಿನಲ್ಲಿ ಹಲಗೆಗಳ ಥಪ್ಪಿ ಒಟ್ಟುವ ಕೆಲಸಕ್ಕಿದ್ದಳು. ಬ್ಯಾಸಿಗೆ ಸೂಟಿ ಬಿದ್ದರೆ ನಾನೂ ಅವಳ ಬೆನ್ನು ಹತ್ತುತ್ತಿದ್ದೆ. ಮೂಗಿನ ತುಂಬ ಹಸಿ ಸಾಗವಾನಿಯ ವಾಸನೆ. ಬುತ್ತಿ ಬಿಚ್ಚಿದರೆ ಶೇಂಗಾ ಹಿಂಡಿಗಿಂತ ಮೊದಲು ಕಟ್ಟಿಗೆಯ ಪುಡಿಯೇ ಬಾಯಿಗೆ ಬರುತ್ತಿತ್ತು.

ಹಸಿ ಹಲಗೆಯನ್ನು ಸುಮ್ಮನೆ ಒಂದರ ಮೇಲೊಂದು ಹೇರುವಂತಿಲ್ಲ. ಗಾಳಿಯಾಡಲು ಪ್ರತಿ ಹಲಗೆಯ ಕೆಳಗೆ ಅಡ್ಡಲಾಗಿ ಮೂರು ಒಣ ಪಟ್ಟಿ ಇಡಬೇಕು, ತುದಿಗೆರಡು, ನಡುವೆ ಒಂದು. ಅವ್ವ ಒಂದು ಕಣ್ಣು ಮುಚ್ಚಿ ಸಾಲು ನೋಡುತ್ತಿದ್ದಳು.

"ಪಟ್ಟಿ ಮ್ಯಾಲ ಪಟ್ಟಿ ಕುಂದರಬೇಕ ನೋಡು. ನಡು ಪಟ್ಟಿ ತಪ್ಪಿತೋ, ಹಲಗಿ ಬಾಗ್ತೈತಿ."

ಅವಳು ಒಟ್ಟಿದ ಹಲಗೆ ಬಾಗಿದ್ದನ್ನು ಯಾರೂ ಕಂಡಿರಲಿಲ್ಲ. ಬೆಳಗಾವಿಯಿಂದ ಬಂದ ಬಡಿಗರೂ ಅವ್ವನನ್ನು ತೋರಿಸಿ, "ಆ ಬಾಯಿ ಒಟ್ಟಿದ್ದ ಕೊಡ್ರಿ" ಎನ್ನುತ್ತಿದ್ದರು. ಅವ್ವನಿಗೆ ಅದೇ ದೊಡ್ಡ ಆಸ್ತಿ.

ಆ ವರ್ಷ ಮಿಲ್ಲಿನ ಸಾವಕಾರರು ಅವಳಿಗೊಂದು ಹಲಸಿನ ದಿಮ್ಮಿ ಕೊಟ್ಟರು. "ನಿಮ್ಮ ಮನಿ ಬಾಗಲಕ್ಕ ಆತು, ತಗೋ." ನಮ್ಮ ಮನೆಗಿದ್ದದ್ದು ತಗಡಿನ ಬಾಗಿಲು, ಗಾಳಿ ಬಂದರೆ ಡಬಡಬ. ಕೊಯ್ದ ಹಲಸಿನ ಹಲಗೆ ಅರಿಷಿಣದಂತೆ ಹಳದಿ. ಅವ್ವ ಅದನ್ನು ಸವರಿದ್ದೇ ಸವರಿದ್ದು. ಅರ್ಧ ಥಪ್ಪಿ ಏರಿಸುವಷ್ಟರಲ್ಲಿ ಲಾರಿ ಬಂತು, ಮಾಲು ಇಳಿಸಲು ಅವಳನ್ನು ಕರೆದರು.

"ಉಳದದ್ದು ನೀ ಒಟ್ಟು. ಕಲ್ತಿಯಲ್ಲ?" ಎಂದು ನಂಬಿ ಹೋದಳು.

ಅಷ್ಟರಲ್ಲಿ ಬೇಲಿಯಾಚೆಯಿಂದ ಗೆಳತಿ ಶೇವಂತಿ, "ಕವಳಿ ಹಣ್ಣಿಗೆ ಬರ್ತಿಯೋ ಇಲ್ಲೋ?" ಎಂದು ಕೂಗಿದಳು. ನೋಡಿದರೆ ಪಟ್ಟಿ ಸಾಲದಾಗಿವೆ. ತರಲು ಮಿಲ್ಲಿನ ಆ ತುದಿಗೆ ಹೋಗಬೇಕು. ನಾನೋ ಮಹಾ ಜಾಣೆ! ಒಂದು ಪಟ್ಟಿಯನ್ನು ಮೂರು ತುಂಡು ಮಾಡಿ, ಕೊನೆಯ ಮೂರು ಹಲಗೆಗಳ ಕೆಳಗೆ ನಡು ಪಟ್ಟಿಯ ಜಾಗದಲ್ಲಿ ಎದುರಿಗಷ್ಟೇ ಕಾಣುವಂತೆ ಒಂದೊಂದು ಮೋಟು ತುರುಕಿದೆ. ಹಿಂದೆ ಗೋಡೆ, ಯಾರು ನೋಡುತ್ತಾರೆ? ಸಂಜೆ ಅವ್ವ ಬಂದು ಒಂದು ಕಣ್ಣು ಮುಚ್ಚಿ ನೋಡಿ, "ಶಾಣ್ಯಾಕಿ" ಎಂದಳು. ನನ್ನ ತುಟಿ ಕವಳಿ ಹಣ್ಣಿನಿಂದ ಕಪ್ಪಾಗಿತ್ತು.

ದೀಪಾವಳಿ ಕಳೆದ ಮೇಲೆ ಥಪ್ಪಿ ಬಿಚ್ಚಿದರು. ನಾನು ಸಾಲಿಯಲ್ಲಿದ್ದೆ. ಮೇಲಿನ ಮೂರೂ ಹಲಗೆ ತಿರುಚಿ ಬಾಗಿದ್ದವಂತೆ. ಎಲ್ಲರೆದುರಿಗೆ ಅವ್ವ, "ನಂದ ತಪ್ರಿ, ಗಡಿಬಿಡ್ಯಾಗ ಒಟ್ಟಿದ್ನಿ" ಎಂದಳೆಂದು ಶೇವಂತಿ ಬಂದು ಹೇಳಿದಳು. ಸಾವಕಾರರು ಥಪ್ಪಿಯ ಕೆಲಸ ಬೇರೆಯವರಿಗೆ ಕೊಟ್ಟು, ಅವ್ವನನ್ನು ತೊಗಟೆ ಹೊರಲು ಹಚ್ಚಿದರು. ಆ ಬಾಯಿ ಎಲ್ಲಿ ಎಂದು ಮತ್ತೆ ಯಾವ ಬಡಿಗನೂ ಕೇಳಲಿಲ್ಲ. ಬಡಿಗ ಆ ಬಾಗಿದ ಹಲಗೆಗಳನ್ನೇ ಕೆತ್ತಿ ಕೆತ್ತಿ ಬಾಗಿಲು ಕೂಡಿಸಿದ. ಅದನ್ನು ಮೊಣಕಾಲಿನಿಂದ ಎತ್ತಿ ನೂಕಿದರಷ್ಟೇ ಅಗಳಿ ಬೀಳುತ್ತಿತ್ತು. ಅವ್ವನಿಗೆ ಗೊತ್ತಾಗಿಲ್ಲವೆಂದುಕೊಂಡು ನಾನು ಬಾಯಿ ಬಿಡಲಿಲ್ಲ. ಹೆದರಿದ್ದೆ, ಮತ್ತೇನಿಲ್ಲ.

ಈಗ ನಾವು ಬೆಳಗಾವಿಯ ರಾಮತೀರ್ಥ ನಗರದಲ್ಲಿದ್ದೇವೆ. ಇಲ್ಲಿಯ ಬಾಗಿಲು ಸದ್ದಿಲ್ಲದೆ ಮುಚ್ಚುತ್ತದೆ. ಅವ್ವ ಅದನ್ನು ತಟ್ಟಿ ನೋಡಿ, "ಇದರಾಗ ಕಟಗಿನ ಇಲ್ಲ" ಎಂದು ನಕ್ಕಳು. ಆ ನಗುವಿನ ಧೈರ್ಯದಲ್ಲಿ ಹೇಳಿಬಿಟ್ಟೆ.

"ಅವ್ವಾ, ಆ ಹಲಸಿನ ಹಲಗಿ ಕೆಡಿಸಿದಾಕಿ ನಾನ."

"ಗೊತ್ತೈತಿ. ಬಿಚ್ಚುವಾಗ ಮೋಟು ಪಟ್ಟಿ ಬಿದ್ದುವು. ಬಡಿಗ ನೋಡೂಕಿಂತ ಮೊದಲ ಸೀರಿ ಉಡ್ಯಾಗ ಹಾಕ್ಕೊಂಡ್ನಿ."

"ಮತ್ತ ನನಗ್ಯಾಕ ಬೈಲಿಲ್ಲ?"

"ನೀನ ಹೇಳ್ತಿ ಅಂತ ಕಾದ್ನಿ. ಇವತ್ತ ಸಂಜಿಗೆ ಹೇಳ್ತಾಳ, ನಾಳೆ ಸಂಜಿಗೆ ಹೇಳ್ತಾಳ ಅಂತ."

ಮಿಲ್ಲು ಮುಚ್ಚಿತು, ಭೋಂಗಾ ನಿಂತಿತು, ಓಣಿಯೂ ಬದಲಾಯಿತು. ಅದಕ್ಕೆಲ್ಲ ನನಗಷ್ಟು ದುಃಖವಿಲ್ಲ. ಅವ್ವ ಕಾದ ಆ ಸಂಜೆಗಳಲ್ಲೆಲ್ಲ ನಾನು ಅವಳೆದುರಿಗೇ ಕುಳಿತು ರೊಟ್ಟಿ ತಿನ್ನುತ್ತಿದ್ದೆ.