ಬಾಲ್ಕನಿಯಲ್ಲಿ ಒಂದು ಟನ್ ನೀರು

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಲಿಫ್ಟ್ ಹತ್ತಲು ಹೆದರಿಕೆ, ಗ್ಯಾಸ್ ಸಿಲಿಂಡರ್ ಬದಲಿಸಲು ಹೆದರಿಕೆ, ಲೋಕಲ್ ರೈಲು ನಿಲ್ಲುವ ಮೊದಲೇ ಹಾರಿ ಹತ್ತುವ ಹೆಂಗಸರನ್ನು ನೋಡಿದರೂ ಹೆದರಿಕೆ. ಉಡುಪಿ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಈ ಊರು ನನಗೆ ಹೆದರಲು ದಿನಕ್ಕೊಂದು ಹೊಸ ಕಾರಣ ಒದಗಿಸುತ್ತಲೇ ಬಂತು. ನನ್ನ ಗಂಡನದು ಎಲ್ಲಕ್ಕೂ ಒಂದೇ ಮದ್ದು. "ಪೋಡ್ಯಡ ಮಾರಾಯ್ತಿ" ಎನ್ನುತ್ತಿದ್ದರು. ತುಳುವಿನಲ್ಲಿ ಹೆದರಬೇಡ ಎಂದು. ಹೇಳಿ ಮೀಸೆಯಡಿ ನಗುತ್ತಿದ್ದರು. ಈ ಮನುಷ್ಯನಿಗೆ ಹೆದರಿಕೆ ಎಂಬುದನ್ನು ದೇವರು ಇಡಲು ಮರೆತಿದ್ದಾನೆ ಎಂದೇ ನಾನು ನಂಬಿದ್ದೆ.

ಮೀನು ಮತ್ತು ಸೊಪ್ಪು ನಮ್ಮ ಮನೆಗೆ ಬಂದದ್ದೂ ನನ್ನ ಹೆದರಿಕೆಯಿಂದಲೇ. ಠಾಣೆಯಿಂದ ಕಲ್ಯಾಣದ ತನಕ ರೈಲು ಹಳಿಗಳ ಪಕ್ಕ ಅಲ್ಲಲ್ಲಿ ಪಾಲಕ್, ಮೆಂತ್ಯ ಬೆಳೆಯುತ್ತಾರೆ. ಒಂದು ದಿನ ರೈಲಿನ ಕಿಟಕಿಯಿಂದ ನೋಡಿದೆ: ಗಟಾರದ ಕಪ್ಪು ನೀರಿನಲ್ಲಿ ಯಾರೋ ಸೊಪ್ಪಿನ ಕಟ್ಟುಗಳನ್ನು ಅದ್ದಿ ಅದ್ದಿ ತೊಳೆಯುತ್ತಿದ್ದರು. ಅಂದಿನಿಂದ ಸೊಪ್ಪು ನನ್ನ ಗಂಟಲಿನಿಂದ ಇಳಿಯಲಿಲ್ಲ. ಮಾರುಕಟ್ಟೆಯಲ್ಲಿ ಕೊತ್ತಂಬರಿಯನ್ನು ಮೂಸಿ ನೋಡಿ ತರಕಾರಿ ಮಾರುವ ಭಾಜಿವಾಲಿಯಿಂದ ಬೈಸಿಕೊಂಡದ್ದೂ ಆಯಿತು. ಗಂಡ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಪಂಪು, ಪೈಪುಗಳ ರಿಪೇರಿ ನೋಡಿಕೊಳ್ಳುತ್ತಿದ್ದವರು. ಒಂದು ಭಾನುವಾರ ಪಿವಿಸಿ ಪೈಪುಗಳನ್ನೂ ಒಂದು ಸಣ್ಣ ಪಂಪನ್ನೂ ಹೊತ್ತುಕೊಂಡು ಬಂದರು. "ಗಟಾರದ ಸೊಪ್ಪು ಬೇಡ ಅಲ್ವಾ ನಿನಗೆ? ನಾವೇ ಬೆಳೆಸುವ" ಎಂದರು.

ಅಕ್ವಾಪೋನಿಕ್ಸ್ ಎಂಬ ಹೆಸರು ನನ್ನ ಬಾಯಿಗೆ ಹತ್ತಲಿಲ್ಲ, ಆದರೆ ವಿಷಯ ಸುಲಭ. ಕೆಳಗೆ ಮೀನಿನ ಟಾಕಿ, ಅಂದರೆ ಟ್ಯಾಂಕು. ಮೀನು ಗಲೀಜು ಮಾಡಿದ ನೀರನ್ನು ಪಂಪು ಮೇಲಕ್ಕೆ ಎತ್ತಿ ಜಲ್ಲಿಕಲ್ಲು ತುಂಬಿದ ತೊಟ್ಟಿಗಳಿಗೆ ಬಿಡುತ್ತದೆ. ಮಣ್ಣಿಲ್ಲ, ಗೊಬ್ಬರವಿಲ್ಲ. ಕಲ್ಲಿನ ನಡುವೆ ನೆಟ್ಟ ಗಿಡದ ಬೇರು ಆ ಗಲೀಜನ್ನೇ ಉಂಡು ಬೆಳೆಯುತ್ತದೆ, ತಿಳಿಯಾದ ನೀರು ತಿರುಗಿ ಮೀನಿಗೇ ಇಳಿಯುತ್ತದೆ. ನಮ್ಮೂರಲ್ಲಿ ಬಚ್ಚಲ ನೀರು ಬಾಳೆಯ ಬುಡಕ್ಕೆ ಹೋಗುವುದಿಲ್ಲವೇ, ಹಾಗೆ. ಬದಲಾಪುರದ ಆಚೆ ಮೀನು ಸಾಕುವವರೊಬ್ಬರಿಂದ ತಿಲಾಪಿಯಾ ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದೆವು. ಲೋಕಲ್ಲಿನಲ್ಲಿ ಆ ಚೀಲ ನನ್ನ ತೊಡೆಯ ಮೇಲಿತ್ತು, ದಾರಿಯುದ್ದಕ್ಕೂ ಅದು ಒಡೆಯುತ್ತದೆ ಎಂದು ಹೆದರಿಯೇ ಕೂತಿದ್ದೆ.

ತೊಟ್ಟಿಗಳನ್ನು ಗಂಡ ಬಾಲ್ಕನಿಯ ಒಳಗೋಡೆಗೆ ಒತ್ತಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಒಂದರ ಮೇಲೊಂದು ಇಟ್ಟರು. ಅಲ್ಲಿ ಬಿಸಿಲು ಕಮ್ಮಿ, ಗ್ರಿಲ್ಲಿನ ಕಡೆ ಇಡೋಣ ಎಂದೆ. ಕೇಳಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಪಾಲಕ್, ಬಸಳೆ, ಸಬ್ಬಸಿಗೆ ತುಂಬಿಕೊಂಡು ಗೋಡೆಯೇ ಕಾಣದಂತಾಯಿತು. ಹಗಲಿಡೀ ನೀರು ಜುಳುಜುಳು ಎನ್ನುತ್ತಿತ್ತು. ಬದುಕಿನಲ್ಲಿ ಮೊದಲ ಸಲ ನಾನು ಹೆದರದೆ ಸೊಪ್ಪು ತಿಂದೆ.

ನಮ್ಮ ಕೆಳಗಿನ ಮನೆಯವರು ಕಲಬುರಗಿ ಕಡೆಯವರು. ಆ ಮನೆಯ ಯಜಮಾನ ತುರ್ಭೆಯಲ್ಲಿ ಲಾರಿಗೆ ಮಾಲು ತುಂಬುವವನು. ಮರುವರ್ಷ ಮಳೆ ಹಿಡಿಯುವ ಹೊತ್ತಿಗೆ ಅವರ ಮಗಳು ಹೆರಿಗೆಗೆ ಬಂದಿದ್ದಳು, ಹೆಣ್ಣು ಕೂಸು ಹುಟ್ಟಿತು. ಬಾಣಂತಿಗೆ ಸಬ್ಬಸಿಗೆ ಒಳ್ಳೆಯದೆಂದು ನಾನು ದಿನ ಬಿಟ್ಟು ದಿನ ಕೊಯ್ದು ಕೊಂಡೊಯ್ಯುತ್ತಿದ್ದೆ. ಇಲ್ಲಿ ಯಾರು ತಾನೇ ಬಾಲ್ಕನಿಯನ್ನು ಬಾಲ್ಕನಿಯಾಗಿ ಇಟ್ಟುಕೊಳ್ಳುತ್ತಾರೆ? ಅವರೂ ಗಾಜು ಹಾಕಿ ಮುಚ್ಚಿ ಕೋಣೆ ಮಾಡಿಕೊಂಡಿದ್ದರು. ಬಾಣಂತಿ ಮಲಗುತ್ತಿದ್ದದ್ದು ಅಲ್ಲಿ, ನಮ್ಮ ಟಾಕಿಯ ನೇರ ಕೆಳಗೆ. ತಾರಸಿಯ ಕೊಂಡಿಗೆ ಹಗ್ಗ ಕಟ್ಟಿ ಕೂಸಿನ ತೊಟ್ಟಿಲು ತೂಗುಹಾಕಿದ್ದರು.

ಅದೇ ಮಳೆಗಾಲದಲ್ಲಿ ಹಳಿಯ ಆಚೆ ಎಲ್ಲೋ ಒಂದು ಕಟ್ಟಡ ಕುಸಿಯಿತು. ಟಿವಿಯಲ್ಲಿ ತೋರಿಸಿದರು. ಮುರಿದ ಚಪ್ಪಡಿಗಳ ಮೇಲೆ ಒಂದು ಪ್ರೆಶರ್ ಕುಕ್ಕರ್ ನೆಟ್ಟಗೆ ಕೂತಿತ್ತು. ನಮ್ಮದೂ ಅಂಥದೇ ಹಳೆಯ ಕಟ್ಟಡ, ಕಾಗದಪತ್ರ ಸರಿಯಿಲ್ಲದ್ದು, ಯಾರು ಕಟ್ಟಿದರೋ ಯಾರು ಮಾರಿದರೋ. ನಾನು ಎದ್ದು ಬಾಲ್ಕನಿಗೆ ಹೋದೆ. ನೀರಿನ ಸದ್ದು ಕೇಳಿಸಿತು. ಲೀಟರಿಗೆ ಒಂದು ಕಿಲೋ ಎಂದು ಶಾಲೆಯಲ್ಲಿ ಕಲಿತದ್ದು ಆಗ ನೆನಪಾಗಬೇಕೇ? ಟಾಕಿಯ ನೀರು, ತೊಟ್ಟಿಗಳ ನೀರು, ಜಲ್ಲಿ, ಕಬ್ಬಿಣ ಎಲ್ಲ ಕೂಡಿಸಿದರೆ ಒಂದು ಟನ್ನಿಗೆ ಕಮ್ಮಿಯಿಲ್ಲ. ಅದರ ಕೆಳಗೆ ಒಂದು ತೊಟ್ಟಿಲು.

ಗಂಡನಿಗೆ ಹೇಳಿದೆ. "ಪೋಡ್ಯಡ ಮಾರಾಯ್ತಿ" ಎಂದರು. ಆದರೆ ಆ ದಿನ ಮೀಸೆಯಡಿ ನಗು ಇರಲಿಲ್ಲ. ಅದನ್ನು ನಾನು ಗಮನಿಸಿದ್ದೆ, ಗಮನಿಸಿ ಬದಿಗೆ ಸರಿಸಿದ್ದೆ.

ಅಲ್ಲಿಂದ ನನ್ನ ನಡಿಗೆಯೇ ಬದಲಾಯಿತು. ಬಾಲ್ಕನಿಯಲ್ಲಿ ಕಾಲು ಊರಿದರೆ ಎಲ್ಲಿ ಏನಾಗುತ್ತದೋ ಎಂದು ಬಾಗಿಲಲ್ಲೇ ನಿಂತು ಕೈಚಾಚಿ ಸೊಪ್ಪು ಕೊಯ್ಯುತ್ತಿದ್ದೆ. ಕೆಳಗಿನ ಮನೆಗೆ ಹೋದರೆ ಮಾತು ಕೂಸಿನದು, ಕಣ್ಣು ತಾರಸಿಯದು. ಒಂದು ಮಧ್ಯಾಹ್ನ ಕೂಸಿನ ಕುಲಾವಿಯ ಮೇಲೆ ಬಿಳಿ ಪುಡಿ ಕಂಡಿತು. ಪೌಡರ್ ಇರಬೇಕೆಂದು ಒರೆಸಿದೆ. ಬೆರಳಿಗೆ ಮರಳು ಮರಳಾಗಿ ಸಿಕ್ಕಿತು. ತಲೆಯೆತ್ತಿ ನೋಡಿದರೆ ಗೋಡೆ ತಾರಸಿಯನ್ನು ಸೇರುವಲ್ಲಿ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು. ಅಷ್ಟು ಎತ್ತರದಲ್ಲಿ ಯಾರು ತಾರೀಕು ನೋಡುತ್ತಾರೆ? ಅದೂ ಹೋದ ವರ್ಷದ್ದು.

"ಈ ಕ್ಯಾಲೆಂಡರ್ ಎಂತಕ್ಕೆ ಇಷ್ಟು ಮೇಲೆ ಹಾಕಿದ್ದು?" ಎಂದೆ.

"ಅದಿರ್ಲಿ ಬಿಡ್ರಿ ಅಕ್ಕಾರ, ಚಾ ಕುಡೀರಿ" ಎಂದಳು ಕೂಸಿನ ಅಜ್ಜಿ.

ನಾನು ಕುರ್ಚಿ ಎಳೆದು ಹತ್ತಿದೆ. ಕುರ್ಚಿ ಹತ್ತಲೂ ಹೆದರುವವಳು ನಾನು. ಕ್ಯಾಲೆಂಡರ್ ಎತ್ತಿದರೆ ಹಿಂದೆ ಬಿರುಕು, ಗೋಡೆ ಒಂದು ಕಡೆ, ತಾರಸಿ ಒಂದು ಕಡೆ. ನನ್ನ ಕಿರುಬೆರಳು ಹಿಡಿಸುವಷ್ಟು ಬಾಯಿ ಬಿಟ್ಟಿತ್ತು. ಇಳಿದು ಅದೇ ಕುರ್ಚಿಯಲ್ಲಿ ಕೂತೆ. ನಮ್ಮ ಟಾಕಿ, ನಮ್ಮ ಟಾಕಿಯಿಂದಲೇ ಆದದ್ದು ಎಂದು ಏನೇನೋ ಬಡಬಡಿಸಿದೆ.

"ಏ, ನಿಮ್ಮ ಟಾಕಿ ಬರೂಕಿಂತ ಮೊದಲೇ ಇತ್ರಿ ಅದು" ಎಂದಳು. "ಸಣ್ಣದಿತ್ತು, ಈಗೀಗ ದೊಡ್ಡದಾಗ್ಯಾದ. ನಿಮ್ಮ ಮನಿಯವ್ರಿಗೆ ಗೊತ್ತದಲ್ಲ. ಅವರೇ ಬಂದು ಮೊಳಿ ಹೊಡದು ಕ್ಯಾಲೆಂಡರ್ ಹಾಕಿ ಹೋದ್ರು. ನನ್ನ ಹೆಂಡ್ತಿ ಭಾಳ ಹೆದರ್ತಾಳ, ಆಕಿಗಿ ಕಾಣಬಾರದು ಅಂದ್ರು."

ಅವಳು ಹತ್ತಿರ ಬಂದು ನನ್ನ ಕೈ ಹಿಡಿದಳು. "ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕಾರ. ಮುನಸಿಪಾಲ್ಟಿಯವ್ರಿಗೆ ಗೊತ್ತಾದ್ರ ಖಾಲಿ ಮಾಡ್ರಿ ಅಂತಾರ. ಈ ಹಸಿಕೂಸು ಎತಗೊಂಡು ಮಳ್ಯಾಗ ಎಲ್ಲಿಗಿ ಹೋಗೂದು?" ಎಂದಳು. ನಾನು ತಲೆಯಾಡಿಸಿದೆ. ಹೂಂ ಎಂದೋ ಊಹೂಂ ಎಂದೋ ನನಗೇ ತಿಳಿಯದು.

ಮೇಲೆ ಬಂದು ಪಂಪು ನಿಲ್ಲಿಸಿದೆ. ಮೀನುಗಳನ್ನು ಬಕೆಟ್ಟುಗಳಿಗೆ ಹಾಕಿ, ಟಾಕಿಯ ನೀರನ್ನು ತಂಬಿಗೆಯಿಂದ, ಕೊಡದಿಂದ ಮೊಗೆದು ಮೊಗೆದು ಬಚ್ಚಲಿಗೆ ಸುರಿದೆ. ನೀರು ಬಿಡುವುದೇ ದಿನ ಬಿಟ್ಟು ದಿನವಾದ ಊರಿನಲ್ಲಿ ಹಾಗೆ ನೀರು ಚೆಲ್ಲಿದವಳು ನಾನೊಬ್ಬಳೇ ಇರಬೇಕು. ಪ್ರತಿ ಸಲ ಬಾಲ್ಕನಿಗೆ ಕಾಲಿಟ್ಟಾಗಲೂ ನನ್ನ ಭಾರವೇ ಕಡೆಯ ಭಾರವಾದರೆ ಎಂದು ಉಸಿರು ಬಿಗಿಹಿಡಿಯುತ್ತಿದ್ದೆ. ತೊಟ್ಟಿಗಳನ್ನು ಗಿಡ ಸಮೇತ ಒಳಗೆ ಎಳೆದೆ. ಕೊನೆಗೆ ಆ ಒಳಗೋಡೆ ಕಾಣಿಸಿತು. ಗೋಡೆಯ ಬುಡದಲ್ಲಿ, ನೆಲ ಸೇರುವಲ್ಲಿ, ಅದೇ ಬಿರುಕು. ಅದಕ್ಕೆ ವೈಟ್ ಸಿಮೆಂಟ್ ಮೆತ್ತಿದ್ದರು. ಮೆತ್ತಿದ್ದು ಒಡೆದಿತ್ತು. ಒಡೆದದ್ದರ ಮೇಲೆ ಮತ್ತೆ ಮೆತ್ತಿದ್ದರು. ಅದೂ ಒಡೆದಿತ್ತು.

ಸಂಜೆ ಗಂಡ ಕೆಲಸದಿಂದ ಬಂದಾಗ ನಡುಮನೆಯ ತುಂಬ ಬಕೆಟ್ಟು, ಬಕೆಟ್ಟಿನ ತುಂಬ ಮೀನು. ಚಪ್ಪಲಿ ಬಿಚ್ಚದೆ ಅಲ್ಲೇ ನಿಂತರು.

"ಭಾರ ಎಷ್ಟಾಗ್ತದೆ ಅಂತ ಲೆಕ್ಕ ಹಾಕಿದ್ರಾ?" ಎಂದು ಕೇಳಿದೆ.

"ಟಾಕಿ ಇಟ್ಟ ಮೇಲೆ ಹಾಕಿದ್ದು. ಆಮೇಲೆ ಸರಿ ನಿದ್ದೆ ಇಲ್ಲ."

"ಮತ್ತೆ ತೆಗೀಲಿಲ್ಲ ಯಾಕೆ?"

"ತೆಗೆದ್ರೆ ಯಾಕೆ ಅಂತ ನೀನು ಕೇಳ್ತಿದ್ದೆ" ಎಂದರು.

ಹೆಂಡತಿ ಹೆದರಬಾರದೆಂದು ಬಿರುಕಿನ ಮುಂದೆ ತೋಟ ಬೆಳೆಸಿದ ಮನುಷ್ಯ. ಅವರು ಗೋಡೆಗೆ ಒರಗಿ ಕೂತು, ಬಕೆಟ್ಟಿನ ಮೀನು ನೋಡುತ್ತ, ಮೆಲ್ಲಗೆ "ಎಂಕ್‌ಲಾ ಪೋಡಿಗೆ ಆಪುಂಡು" ಎಂದರು. ನನಗೂ ಹೆದರಿಕೆಯಾಗುತ್ತದೆ ಎಂದು. ಅಷ್ಟು ವರ್ಷಗಳ ಸಂಸಾರದಲ್ಲಿ ಅವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಅವರ ಧೈರ್ಯವನ್ನು ನಂಬಿಯೇ ನಾನು ಆರಾಮಾಗಿ ಹೆದರಿಕೊಂಡಿದ್ದವಳು. ಇನ್ನು ಒರಗಲು ನನಗೆ ಯಾವ ಗೋಡೆಯೂ ಉಳಿಯಲಿಲ್ಲ.

ಟಾಕಿ ಖಾಲಿಯಾಗಿತ್ತು, ಬಿರುಕು ಮಾತ್ರ ಹಾಗೆಯೇ ಇತ್ತು. ಬಾಣಂತಿಯನ್ನು ಒಳಕೋಣೆಯಲ್ಲಿ ಮಲಗಿಸಿ ಎಂದು ಇಬ್ಬರೂ ಇಳಿದುಹೋಗಿ ಕೇಳಿಕೊಂಡೆವು. ಹೂಂ ಎಂದರು. ಮರುದಿನ ಹೋದರೆ ತೊಟ್ಟಿಲು ಅದೇ ಕೊಂಡಿಯಲ್ಲಿ ತೂಗುತ್ತಿತ್ತು. ಒಳಗೆ ಸೆಕೆ, ಕೂಸು ಅಳುತ್ತದೆ ಎಂದರು. ಕೂಸಿನ ಕುಲಾವಿಯ ಮೇಲೆ ಮತ್ತೆ ಪುಡಿ.

ನಾನು ಅಲ್ಲಿಂದ ನೇರ ವಾರ್ಡ್ ಆಫೀಸಿಗೆ ನಡೆದೆ. ಧೈರ್ಯ ಮಾಡಿದೆ ಎಂದು ಯಾರೂ ತಿಳಿಯಬಾರದು. ಕೂತಲ್ಲಿ ಕೂರಲಾಗದೆ ಹೋದೆ. ಅಜ್ಜಿ ಬೇಡಿಕೊಂಡದ್ದು, ನಮ್ಮದೇ ಮನೆ, ಯಾವುದೂ ತಲೆಯಲ್ಲಿರಲಿಲ್ಲ, ಆ ಕುಲಾವಿಯೊಂದೇ ಇತ್ತು. ಒಬ್ಬ ಇಂಜಿನಿಯರ್ ಬಂದು ಸುತ್ತಿಗೆಯಿಂದ ಕಂಬಕ್ಕೆ ತಟ್ಟಿದ. ಹೆಂಚಿನಷ್ಟಗಲದ ಸಿಮೆಂಟು ಕಳಚಿ ಬಿತ್ತು, ಒಳಗೆ ಕಬ್ಬಿಣ ತುಕ್ಕು ಹಿಡಿದಿತ್ತು. ಗೇಟಿನ ಮೇಲೆ ಮರಾಠಿಯಲ್ಲಿ ನೋಟೀಸು ಹಚ್ಚಿದರು: ಧೋಕಾದಾಯಕ ಇಮಾರತ್, ಅಪಾಯದ ಕಟ್ಟಡ, ಖಾಲಿ ಮಾಡಬೇಕು ಎಂದು. ಇಡೀ ಕಟ್ಟಡಕ್ಕೆ ಕಟ್ಟಡವೇ ನನ್ನನ್ನು ಶಪಿಸಿತು. ಆಗ ಗೊತ್ತಾಯಿತು, ಮೂರು ಮಹಡಿಯಲ್ಲೂ ಒಬ್ಬೊಬ್ಬರು ಒಂದೊಂದು ಕ್ಯಾಲೆಂಡರಿನ ಹಿಂದೆ ಹೆದರಿಕೆ ಇಟ್ಟುಕೊಂಡೇ ಬದುಕಿದ್ದರು. ಕಾಗದಪತ್ರವಿಲ್ಲದ ಮನೆ ಬಿಟ್ಟರೆ ಬಿಟ್ಟಂತೆ, ಬದಲಿಗೆ ಯಾರೂ ಏನೂ ಕೊಡುವುದಿಲ್ಲ.

ಕೆಳಗಿನವರು ತುರ್ಭೆಯ ಒಂದು ತಗಡಿನ ಖೋಲಿಗೆ, ಒಂದೇ ಕೋಣೆಯ ಮನೆಗೆ ಹೋದರು. ಮಳೆಯಲ್ಲಿ ಟೆಂಪೊ ಹತ್ತುವಾಗ ಕೂಸಿನ ಅಜ್ಜಿ ನನ್ನ ಮುಖ ನೋಡದೆ, "ನಿಮ್ಮ ಹೆದರಿಕಿಗಿ ನಮ್ಮ ಮನಿ ಹೋತ್ರಿ" ಎಂದಳು. ಮೀನುಗಳನ್ನು ಗಂಡ ತಂದಲ್ಲಿಗೇ ಬಿಟ್ಟು ಬಂದರು. ನಾವು ಬದಲಾಪುರದಲ್ಲಿ ನೆಲಮಹಡಿಯ ಬಾಡಿಗೆ ಮನೆ ಹಿಡಿದೆವು.

ಆ ಕಟ್ಟಡ ಬೀಳಲಿಲ್ಲ. ಯಾರೋ ಕೋರ್ಟಿಗೆ ಹೋಗಿ ಕೆಡವುವುದೂ ನಿಂತಿತು. ರೈಲಿನಿಂದ ಅದು ಕಾಣಿಸುತ್ತದೆ. ಡೊಂಬಿವಲಿ ಬರುವ ಮೊದಲೇ ನಾನು ಕಿಟಕಿಗೆ ಒತ್ತಿ ಕೂರುತ್ತೇನೆ. ಬಿದ್ದಿರಬಹುದೇ ಎಂದು ಹೆದರಿಕೆ. ಬಿದ್ದಿಲ್ಲ ಎಂದು ಕಂಡಾಗ, ಖಾಲಿ ಕಿಟಕಿಗಳು ಕಂಡಾಗ, ಇನ್ನೊಂದು ಹೆದರಿಕೆ. ಸುಮ್ಮನೆ ಅಷ್ಟು ಜನರನ್ನು ಬೀದಿಗೆ ತಂದೆನೇ?

ಕೆಲವು ವರ್ಷಗಳ ಮೇಲೆ ಠಾಣೆ ಸ್ಟೇಷನ್ನಿನಲ್ಲಿ ತುರ್ಭೆಯ ಕಡೆಯ ಗಾಡಿಗೆ ಕಾಯುವ ಜನರ ನಡುವೆ ಕೂಸಿನ ಅಜ್ಜಿ ಸಿಕ್ಕಳು. ನಾನು ಸರಿದು ಹೋಗಬೇಕೆಂದಿದ್ದೆ, ಅವಳೇ ನೋಡಿದಳು. ಅವಳ ಕೈಹಿಡಿದು ಒಂದು ಹುಡುಗಿ, ಅಂದಿನ ಕೂಸು, ಎರಡು ಜಡೆ, ಕೈಯಲ್ಲಿ ಅರ್ಧ ತಿಂದ ವಡಾಪಾವ್.

"ಇನ್ನಾ ನಿಂತದ ನೋಡ್ರಿ ಅಕ್ಕಾರ, ಬಿಲ್ಡಿಂಗು" ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ನಾನು ಹುಡುಗಿಯ ತಲೆ ಸವರಿದೆ. ಸವರಿದ ಮೇಲೆ ಕೈ ಹಿಂದಕ್ಕೆ ತೆಗೆದು, ಬೆರಳುಗಳನ್ನು ಬೆಳಕಿಗೆ ಹಿಡಿದು, ಬಿಳಿ ಪುಡಿ ಇದೆಯೇ ಎಂದು ನೋಡಿದೆ.